ಹುಳ ತಿಂದು ಮಿಕ್ಕಿದ್ದು

ಈ ವಾರದ ಕೊಯ್ಲಿನ ಲೆಕ್ಕ ಮೊದಲು ಒಪ್ಪಿಸಿಬಿಡ್ತೀನಿ. ಬದನೆಕಾಯಿ ಹದಿನಾಲ್ಕು. ಬೆಂಡೆಕಾಯಿ ಎರಡು ಹಿಡಿ. ಅಲಸಂದೆ ಸುಲಿದ ಮೇಲೆ ಒಂದು ಲೋಟ ಹಸಿಕಾಳು. ದಂಟಿನ ಸೊಪ್ಪು ಅಂಗಡಿಯವರು ಕೊಡೋ ಕಟ್ಟಿನ ಅರ್ಧದಷ್ಟು. ಟೊಮೆಟೊ ಕಥೆ ಮುಗೀತಾ ಬಂತು, ಬಿಸಿಲಿಗೆ ಹೂವೆಲ್ಲ ಉದುರ್ತಿದೆ. ಆರು ಹಣ್ಣು ಸಿಕ್ತು, ಅದರಲ್ಲಿ ಒಂದನ್ನ ಅಳಿಲು ಮುಕ್ಕಾಲು ತಿಂದು ನನಗೆ ಕಾಲು ಬಿಟ್ಟಿತ್ತು. ಹದಿನಾಲ್ಕು ಬದನೆಯಲ್ಲಿ ಐದಕ್ಕೆ ತೂತು.

ಬೆಂಗಳೂರಿನಲ್ಲಿ ಇಪ್ಪತ್ನಾಲ್ಕು ಮನೆಯ ಕಟ್ಟಡ, ಅದರ ತಾರಸಿಯ ಒಂದು ಮೂಲೆ, ಅಲ್ಲಿ ಇಪ್ಪತ್ತೆರಡು ಚೀಲ. ಇಬ್ಬರ ಸಂಸಾರಕ್ಕೆ ಈ ಕೊಯ್ಲು ಕಮ್ಮಿಯೇನಲ್ಲ. ಯುಗಾದಿ ಕಳೆದು ಒಳ್ಳೆಯ ಮಳೆ ಬೀಳೋ ತನಕದ ಈ ಮೂರ್ನಾಲ್ಕು ವಾರ ತರಕಾರಿಗೂ ಹಬ್ಬ, ಹುಳಕ್ಕೂ ಹಬ್ಬ. ಚಳಿಯಲ್ಲಿ ಮುದುಡಿಕೊಂಡಿದ್ದ ಬೆಂಡೆ, ಅಲಸಂದೆ ಬಿಸಿಲು ಕಂಡ ಕೂಡಲೇ ಮೇಲೇಳುತ್ತವೆ. ಅದೇ ಬಿಸಿಲಿಗೆ ಕೀಟಗಳ ತಲೆಮಾರುಗಳೂ ಬೇಗ ಬೇಗ ಉರುಳುತ್ತವೆ. ಡಿಸೆಂಬರಿನಲ್ಲಿ ನಿಧಾನಕ್ಕೆ ಬೆಳೀತಿದ್ದ ಹುಳ ಈಗ ಡೆಡ್‌ಲೈನ್ ಹಿಡಿದವರ ಹಾಗೆ ಬೆಳೆಯುತ್ತೆ.

ಹೋದ ವಾರ ಬಂದ ನಿಮ್ಮ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: ತೂತು ಬಿದ್ದ ಬದನೆ ತಿನ್ನಬಹುದಾ?

ತಿನ್ನಬಹುದು. ಹೆಚ್ಚಿ ನೋಡಿ, ಕಪ್ಪಾದ ಭಾಗವನ್ನ ಸುತ್ತಲಿನ ಸ್ವಲ್ಪ ತಿರುಳಿನ ಜೊತೆಗೆ ತೆಗೆದು ಬಿಸಾಕಿ, ಉಳಿದದ್ದನ್ನ ಉಪ್ಪು ನೀರಿಗೆ ಹಾಕಿ, ಬೇಯಿಸಿ. ಆ ಹುಳ ಕಚ್ಚಲ್ಲ, ವಿಷವಲ್ಲ, ನಮಗೆ ಯಾವ ರೋಗವನ್ನೂ ತರಲ್ಲ. ಇಡೀ ಕಾಯಿ ಒಳಗೆಲ್ಲ ಕೊಳೆತು ವಾಸನೆ ಬರ್ತಿದ್ರೆ ಮಾತ್ರ ಬಿಟ್ಟುಬಿಡಿ. ಉತ್ತರ ಇಷ್ಟೇ. ಆದ್ರೆ ಆ ತೂತಿನ ಹಿಂದಿನ ಕಥೆ ಸ್ವಲ್ಪ ಉದ್ದ ಇದೆ, ಈ ಸಲದ ಅಂಕಣ ಅದರದ್ದೇ.

ಬಾಡಿಗೆದಾರನ ಬಾಗಿಲು

ಇದರ ಹೆಸರೇ ಕಾಂಡ ಮತ್ತು ಕಾಯಿ ಕೊರಕ. ಅಮ್ಮ ಒಂದು ಸಣ್ಣ ಬಿಳಿ ಪತಂಗ, ರೆಕ್ಕೆ ಮೇಲೆ ಕಂದು ಮಚ್ಚೆ. ರಾತ್ರಿ ಹೊತ್ತು ಎಲೆ ಅಡಿಯಲ್ಲಿ, ಮೊಗ್ಗಿನ ಮೇಲೆ, ಕಾಯಿಯ ತೊಟ್ಟಿನ ಟೋಪಿ ಹತ್ರ ಮೊಟ್ಟೆ ಇಡುತ್ತೆ. ಮರಿ ಹೊರಬಂದ ಕೆಲವೇ ಗಂಟೆಯೊಳಗೆ ಎಳೆ ಕುಡಿಗೋ ಕಾಯಿಗೋ ನುಗ್ಗಿ, ಬಂದ ದಾರಿಯನ್ನ ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತೆ. ಆ ತೂತು ಎಷ್ಟು ಸಣ್ಣದು ಅಂದ್ರೆ ಕಾಯಿ ದೊಡ್ಡದಾಗ್ತಾ ಅದರ ಗುರುತೇ ಸಿಗಲ್ಲ. ಸುಮಾರು ಎರಡು ವಾರ ಒಳಗೇ ಉಂಡು ಬೆಳೆದು, ಆಮೇಲೆ ದೊಡ್ಡದೊಂದು ತೂತು ಕೊರೆದು ಆಚೆ ಬಂದು, ಕೆಳಗೆ ಬಿದ್ದ ಒಣ ಎಲೆಯಲ್ಲಿ, ಮಣ್ಣಿನಲ್ಲಿ ಗೂಡು ಕಟ್ಟುತ್ತೆ.

ಅಂದ್ರೆ ನಮ್ಮ ಕಣ್ಣಿಗೆ ಬೀಳೋ ತೂತು ಹುಳ ಒಳಗೆ ಹೋದ ದಾರಿಯಲ್ಲ, ಹೊರಗೆ ಹೋದ ದಾರಿ. ತೂತಿರೋ ಬದನೆಯಲ್ಲಿ ಬಾಡಿಗೆದಾರ ಬಹುಶಃ ಮನೆ ಖಾಲಿ ಮಾಡಿ ಹೋಗಿದ್ದಾನೆ. ತೂತೇ ಇಲ್ಲದ, ಫೋಟೋಗೆ ನಿಂತ ಹಾಗಿರೋ ಬದನೆಯಲ್ಲಿ ಇನ್ನೂ ಇರಬಹುದು. ಹಾಗಾಗಿ ಎಣ್ಣೆಗಾಯಿ ಮಾಡೋವಾಗ ನಾಲ್ಕು ಸೀಳು ಸೀಳಿ ಒಳಗೆ ಇಣುಕಿ ನೋಡೋದು ನಮ್ಮ ಅಜ್ಜಿಯರು ಬರೀ ಮಸಾಲೆ ತುಂಬೋಕೆ ಮಾಡ್ತಿದ್ದದ್ದಲ್ಲ.

ಇನ್ನೊಂದು ಮಾತು ಇದರಲ್ಲೇ ಅಡಗಿದೆ. ಹುಳ ಒಳಗೆ ಸೇರಿ ಬಾಗಿಲು ಹಾಕ್ಕೊಂಡ ಮೇಲೆ ಮೇಲಿಂದ ಏನು ಸಿಂಪಡಿಸಿದ್ರೂ ಅದಕ್ಕೆ ತಾಗೋದು ಕಷ್ಟ. ಬೇವಿನೆಣ್ಣೆ ಆಗಲಿ, ಅಂಗಡಿಯ ಕೀಟನಾಶಕ ಆಗಲಿ, ಕೆಲಸ ಮಾಡಬೇಕಾದ್ದು ಮೊಟ್ಟೆ ಒಡೆದು ಒಳಗೆ ನುಗ್ಗೋ ನಡುವಿನ ಆ ಕೆಲವು ಗಂಟೆಗಳಲ್ಲಿ. ಅದು ಯಾವತ್ತು ಅಂತ ಯಾರಿಗೂ ಗೊತ್ತಿರಲ್ಲ. ಅದಕ್ಕೇ ಹೊಲದಲ್ಲಿ ಮತ್ತೆ ಮತ್ತೆ ಹೊಡೀತಾರೆ.

ತಾರಸಿಯಲ್ಲಿ ನಾನು ಮಾಡೋದು ತುಂಬ ಸರಳ. ಭಾನುವಾರ ಬೆಳಿಗ್ಗೆ ಗಿಡದ ತುದಿಗಳನ್ನ ನೋಡ್ತೀನಿ. ಚೆನ್ನಾಗಿ ನೀರು ಕುಡಿದ ಗಿಡದಲ್ಲಿ ಒಂದೇ ಒಂದು ಕುಡಿ ಮಾತ್ರ ತಲೆ ಬಾಗಿಸಿದ್ರೆ ಒಳಗೆ ಹುಳ ಇದೆ ಅಂತ ಅರ್ಥ. ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಕತ್ತರಿಸಿ ಸೋಪಿನ ನೀರಿನ ಡಬ್ಬಿಗೆ ಹಾಕೋದು. ಕಾಂಪೋಸ್ಟಿಗೆ ಬೇಡ, ಅಲ್ಲಿ ಅದು ಆರಾಮಾಗಿ ಪತಂಗವಾಗಿ ವಾಪಸ್ ಬರುತ್ತೆ. ಬುಡದಲ್ಲಿ ಬಿದ್ದ ಬದನೆ ಎಲೆ ಎಲ್ಲ ಆರಿಸಿ ತೆಗೆಯೋದು. ಹತ್ತು ನಿಮಿಷದ ಕೆಲಸ. ಕತ್ತರಿಸಿದ ಕಡೆ ಎರಡು ಹೊಸ ಕುಡಿ ಬರುತ್ತೆ, ಹಾಗಾಗಿ ನಷ್ಟವೂ ಇಲ್ಲ. ಜಾಸ್ತಿ ಗಿಡ ಇರೋರು ಮೋಹಕ ಬಲೆ ತೂಗುಹಾಕಬಹುದು. ಹೆಣ್ಣು ಪತಂಗದ ವಾಸನೆಯ ತುಂಡೊಂದು ಅದರಲ್ಲಿರುತ್ತೆ, ಗಂಡು ಪತಂಗಗಳು ಬಂದು ಸಿಕ್ಕಿಹಾಕ್ಕೊಳ್ಳುತ್ತವೆ. ನಾಲ್ಕೈದು ಗಿಡಕ್ಕೆ ಅದೆಲ್ಲ ಬೇಡ.

ಇಷ್ಟು ಮಾಡಿದ್ರೂ ಹದಿನಾಲ್ಕರಲ್ಲಿ ಐದು. ನನಗೆ ಅದು ಸರಿ ಅನ್ನಿಸುತ್ತೆ. ಮಾಲೂರಿನ ಹತ್ತಿರ ಇರೋ ನಮ್ಮ ಚಿಕ್ಕಪ್ಪನಿಗೆ ಅದು ಸರಿ ಅನ್ನಿಸೋ ಹಾಗಿಲ್ಲ.

ಹಿತ್ತಲ ಆರು ಗಿಡ

ಚಿಕ್ಕಪ್ಪನದು ಒಂದೂವರೆ ಎಕರೆ, ಅದರಲ್ಲಿ ಅರ್ಧ ಎಕರೆ ಪ್ರತಿ ಬೇಸಿಗೆ ಬದನೆ. ವಾರಕ್ಕೊಂದು ಸಲ ಔಷಧಿ ಹೊಡೀತಾರೆ, ಹುಳ ಜಾಸ್ತಿಯಾದ್ರೆ ಎರಡು ಸಲ. ಹೊಡೆದ ದಿನ ರಾತ್ರಿ ತಲೆನೋವು, ಊಟ ಸೇರಲ್ಲ. ಮಾಸ್ಕ್ ತಂದುಕೊಟ್ಟೆ. 'ಈ ಸೆಕೆಗೆ ಇದನ್ನ ಹಾಕ್ಕೊಂಡು, ಬೆನ್ನ ಮೇಲೆ ಹದಿನಾರು ಲೀಟರ್ ಹೊತ್ಕೊಂಡು ನಡೆದು ನೋಡು' ಅಂದ್ರು. ಬರೀ ನೀರು ತುಂಬಿಸಿಕೊಂಡು ನಡೆದು ನೋಡಿದೆ. ಎರಡು ಸಾಲು ಮುಗಿಸೋಕಾಗಲಿಲ್ಲ.

ಮನೆ ಹಿಂದೆ, ಬಚ್ಚಲ ನೀರು ಹರಿಯೋ ಜಾಗದಲ್ಲಿ, ಆರು ಬದನೆ ಗಿಡ ಬೇರೆ ಇವೆ. ಅವಕ್ಕೆ ಔಷಧಿ ಇಲ್ಲ. ಅದು ಮನೆಗೆ. 'ಊರಿಗೆಲ್ಲ ಔಷಧಿ ಬದನೆ, ನಿಮಗೆ ಮಾತ್ರ ಒಳ್ಳೇದಾ?' ಅಂತ ಕೇಳೇಬಿಟ್ಟೆ. ಚಿಕ್ಕಪ್ಪ ಸಿಟ್ಟಾಗಲಿಲ್ಲ. ಹಿತ್ತಲ ಗಿಡದಿಂದ ಎರಡು ತೂತು ಕಾಯಿ ಕಿತ್ತು ಕೈಗಿಟ್ಟು, 'ತಗೊಂಡ್ಹೋಗು. ನಿಮ್ಮ ಬಿಲ್ಡಿಂಗಿನಲ್ಲಿ ಯಾರಾದ್ರೂ ಇದಕ್ಕೆ ದುಡ್ಡು ಕೊಡ್ತಾರಾ ಕೇಳು' ಅಂದ್ರು.

ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಮಂಡಿಯಲ್ಲಿ ಕ್ರೇಟಿನ ಮೇಲೆ ಎರಡು ತೂತು ಕಾಯಿ ಕಂಡ್ರೆ ಇಡೀ ಕ್ರೇಟಿನ ರೇಟು ಬೀಳುತ್ತೆ. ಮಂಡಿಯವರನ್ನ ಬೈದು ಪ್ರಯೋಜನ ಇಲ್ಲ, ಅವರಿಂದ ಕೊಳ್ಳೋ ಅಂಗಡಿಯವರು ತೂತು ಕಾಯಿ ಮುಟ್ಟಲ್ಲ. ಅಂಗಡಿಯವರನ್ನೂ ಬೈಯೋ ಹಾಗಿಲ್ಲ. ಬದನೆ ರಾಶಿ ಮುಂದೆ ನಿಂತು ಒಂದೊಂದನ್ನೂ ತಿರುಗಿಸಿ, ಹೊಳೆಯೋದನ್ನ ಮಾತ್ರ ಬುಟ್ಟಿಗೆ ಹಾಕಿಕೊಳ್ಳೋದು ನಾವು. ಆ್ಯಪಿನಲ್ಲಿ ತರಿಸಿದ ಬದನೆಗೆ ಸಣ್ಣ ತೂತು ಇದ್ರೂ ಫೋಟೋ ತೆಗೆದು ರೀಫಂಡ್ ಕೇಳೋದೂ ನಾವು. ವಾರಕ್ಕೆರಡು ಸಲದ ಆ ಸಿಂಪಡಣೆಗೆ ಒಂದು ಕಾರಣ ಹುಳ, ಇನ್ನೊಂದು ನಮ್ಮ ಕಣ್ಣು.

ಈ ಹುಳದ ಮೇಲೆ ದೇಶದಲ್ಲಿ ದೊಡ್ಡ ಜಗಳವೇ ನಡೆದಿತ್ತು, ನಿಮ್ಮಲ್ಲಿ ಕೆಲವರು ಆಗ ಸ್ಕೂಲಿನಲ್ಲಿದ್ದಿರಬಹುದು. ಕೊರಕದ ಹುಳವನ್ನ ಕೊಲ್ಲೋ ಪ್ರೋಟೀನು ಗಿಡದೊಳಗೇ ತಯಾರಾಗಲಿ ಅಂತ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದು ಬಿಟಿ ಬದನೆ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಬೆಂಗಳೂರಿನಲ್ಲೂ ಒಂದು ನಡೆಯಿತು. ಕೊನೆಗೆ 2010ರ ಫೆಬ್ರವರಿಯಲ್ಲಿ ಅದಕ್ಕೆ ತಡೆ ಹಾಕಿದರು. ಉಡುಪಿಯವರಿಗೆ ಆಗ ತಮ್ಮ ಮಟ್ಟುಗುಳ್ಳದ ಚಿಂತೆ. ಮರುವರ್ಷವೇ, 2011ರಲ್ಲಿ, ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ತು. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಯಾರು ಸರಿ ಅನ್ನೋದನ್ನ ಈ ಅಂಕಣದಲ್ಲಿ ಬಗೆಹರಿಸೋಕೆ ಹೋಗಲ್ಲ. ನನಗೆ ಕಂಡದ್ದಿಷ್ಟು: ಸಭೆಯಲ್ಲಿ ವಾದ ಮಾಡಿದ ಎರಡೂ ಕಡೆಯವರು ಮನೆಗೆ ಹೋದ್ರು, ಹುಳ ಹೊಲದಲ್ಲೇ ಉಳೀತು, ಚಿಕ್ಕಪ್ಪನ ಬೆನ್ನ ಮೇಲಿನ ಕ್ಯಾನೂ ಉಳೀತು.

ಅವರು ಕೇಳು ಅಂದಿದ್ದನ್ನ ಕೇಳಿಯೇ ನೋಡಿದೆ. ಹೋದ ವರ್ಷ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು: 'ಔಷಧಿ ಹೊಡೆಯದ ಬದನೆ, ತೂತು ಇರುತ್ತೆ, ಅಂಗಡಿ ರೇಟಿಗೇ. ಯಾರಿಗೆ ಬೇಕು?' ಹನ್ನೊಂದು ಹೆಬ್ಬೆಟ್ಟು ಬಂತು. ಚಿಕ್ಕಪ್ಪನ ಹಿತ್ತಲ ಗಿಡಗಳನ್ನೂ ಪಕ್ಕದ ಮನೆಯವರ ಹಿತ್ತಲನ್ನೂ ಬರಿದು ಮಾಡಿ ಒಂಬತ್ತು ಕೆಜಿ ತಂದೆ. ಶನಿವಾರ ಕೆಳಗಿಳಿದು ಬಂದದ್ದು ಏಳು ಮನೆಯವರು. ಮೂವರು ತಿರುಗಿಸಿ ತಿರುಗಿಸಿ ತೂತಿಲ್ಲದ್ದನ್ನೇ ಆರಿಸಿಕೊಂಡ್ರು. ಆರ್ಗ್ಯಾನಿಕ್ ಬಗ್ಗೆ ದಿನಾ ವಿಡಿಯೋ ಕಳಿಸೋ ಒಬ್ಬರು ಅದರಲ್ಲಿದ್ರು, ಅವರ ಮನೆ ನಂಬರ್ ಹೇಳಲ್ಲ ಬಿಡಿ. ನಾಲ್ಕು ಮನೆಯವರು ನೋಡದೇ ಚೀಲಕ್ಕೆ ತುಂಬಿಸಿಕೊಂಡು ಹೋದ್ರು. ಮಿಕ್ಕಿದ್ದನ್ನ ನಾನು ಬಿಲ್ಲೆ ಹೆಚ್ಚಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ತಾರಸಿ ಬಿಸಿಲಿನಲ್ಲಿ ಒಣಗಿಸಿಟ್ಟೆ. ಮಳೆಗಾಲ ಪೂರ್ತಿ ಅನ್ನ ಸಾರಿನ ಪಕ್ಕ ಕರಿದುಕೊಂಡು ತಿಂದ್ವಿ.

ಈ ಬೇಸಿಗೆ ಚಿಕ್ಕಪ್ಪ ಹೊಲದಲ್ಲೇ ಎರಡು ಸಾಲು ಬಿಟ್ಟಿದ್ದಾರೆ, ಔಷಧಿ ಇಲ್ಲದೆ. ಮೋಹಕ ಬಲೆ, ವಾರಕ್ಕೊಮ್ಮೆ ಕುಡಿ ಕತ್ತರಿಸೋದು. ಮೂರರಲ್ಲಿ ಒಂದು ಕಾಯಿಗೆ ತೂತು. ಕುಡಿ ಕತ್ತರಿಸೋಕೆ ಒಬ್ಬರ ಅರ್ಧ ದಿನದ ಕೂಲಿ, ಅದು ಔಷಧಿಗಿಂತ ದುಬಾರಿ ಬೀಳ್ತಿದೆ. ಲೆಕ್ಕ ಕೂಡಿಬರಬೇಕಾದ್ರೆ ವಾರ ವಾರ ಕೊಳ್ಳೋ ಇಪ್ಪತ್ತು ಮನೆ ಬೇಕು ಅಂತಾರೆ. ಸದ್ಯ ಒಂಬತ್ತಿದೆ. ಮುಂದಿನ ಬೆಳೆಗೆ ಆ ಎರಡು ಸಾಲು ಉಳಿಯುತ್ತೋ ಇಲ್ವೋ ಅನ್ನೋದು ಇನ್ನು ಹನ್ನೊಂದು ಮನೆಯ ಮೇಲೆ ನಿಂತಿದೆ.

ತೂತು ಕಾಯಿಗೆ ಯಾವ ಅಡುಗೆ

ಹಾನಿ ನೋಡಿ ಅಡುಗೆ ಆರಿಸಿಕೊಂಡ್ರೆ ಅರ್ಧ ತಲೆನೋವು ಕಮ್ಮಿ. ಎಣ್ಣೆಗಾಯಿಗೆ ಇಡೀ ಕಾಯಿ ಬೇಕು, ಅದು ತೂತಿಲ್ಲದ ಎಳೆ ಬದನೆಗೆ ಮೀಸಲು. ಅರ್ಧ ಹೋಗಿ ಅರ್ಧ ಉಳಿದದ್ದು ವಾಂಗಿಭಾತಿಗೆ, ಹುಳಿಗೆ. ಬಲಿತು ದೊಡ್ಡದಾಗಿ ಒಂದು ಕಡೆ ತೂತಾಗಿರೋದು ಸುಟ್ಟ ಗೊಜ್ಜಿಗೆ.

ಗೊಜ್ಜಿಗೆ ಮಾತ್ರ ಒಂದು ಎಚ್ಚರಿಕೆ: ಇಡಿಯಾಗಿ ಸುಡಬೇಡಿ. ಉದ್ದಕ್ಕೆ ಎರಡು ಹೋಳು ಮಾಡಿ, ನೋಡಿ, ಕೆಟ್ಟದ್ದನ್ನ ತೆಗೆದು, ಎಣ್ಣೆ ಸವರಿ ಕಾದ ಕಬ್ಬಿಣದ ಹಂಚಿನ ಮೇಲೆ ಕತ್ತರಿಸಿದ ಮುಖ ಕೆಳಗೆ ಮಾಡಿ ಇಡಿ. ಸಿಪ್ಪೆ ಸುಕ್ಕಾಗೋ ತನಕ ಬಿಟ್ಟು ತಿರುಗಿಸಿ. ಅದೇ ಹಂಚಿನ ಅಂಚಿನಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ನಾಲ್ಕೆಸಳು ಬೆಳ್ಳುಳ್ಳಿ. ಎಲ್ಲ ಕೈಯಲ್ಲೇ ಹಿಸುಕಿ, ಹುಣಸೆ ರಸ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ. ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಮಿಕ್ಸಿಗೆ ಹಾಕಿದ್ರೆ ಪೇಸ್ಟ್ ಆಗುತ್ತೆ, ಗೊಜ್ಜು ಆಗಲ್ಲ. ಬಿಸಿ ಅನ್ನಕ್ಕೂ ಸೈ, ಅಕ್ಕಿ ರೊಟ್ಟಿಗೂ ಸೈ. ಹುಣಸೆ ಬದಲು ಮೊಸರು ಹಾಕಿದ್ರೆ ಮೊಸರು ಬಜ್ಜಿ, ಮಧ್ಯಾಹ್ನದ ಡಬ್ಬಿಗೆ ಅದು ಇನ್ನೂ ಒಳ್ಳೇದು.

ಬೆಂಡೆಯ ತೊಂದರೆ ಬೇರೆ. ಎಲೆಯ ನರಗಳು ಹಳದಿಯಾಗಿ ಬಲೆಯ ಹಾಗೆ ಕಾಣ್ತಿದ್ರೆ ಅದು ಗೊಬ್ಬರದ ಕೊರತೆ ಅಲ್ಲ, ಹಳದಿ ನಂಜು ರೋಗ. ವೈರಸ್ಸು, ಅದನ್ನ ಗಿಡದಿಂದ ಗಿಡಕ್ಕೆ ಸಾಗಿಸೋದು ಬಿಳಿ ನೊಣ. ಇದಕ್ಕೆ ಔಷಧಿ ಇಲ್ಲ. ಗಿಡ ಚಿಕ್ಕದಿದ್ರೆ ಕಿತ್ತುಬಿಡಿ, ಪಕ್ಕದ್ದಾದ್ರೂ ಉಳಿಯುತ್ತೆ. ಕಾಯಿ ಬಿಡ್ತಿರೋ ಗಿಡವಾದ್ರೆ ಸಿಗೋದು ಪೇಲವ, ಗಟ್ಟಿ ಕಾಯಿ. ತಿಂದ್ರೆ ನಮಗೇನೂ ಆಗಲ್ಲ, ಗಿಡದ ಆ ವೈರಸ್ಸು ಮನುಷ್ಯರಿಗೆ ಹತ್ತಲ್ಲ, ಆದ್ರೆ ರುಚಿಯೂ ಹತ್ತಲ್ಲ. ಬೀಜ ಕೊಳ್ಳೋವಾಗ ಅರ್ಕಾ ಅನಾಮಿಕ ಕೇಳಿ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ರೋಗ ತಡೆದುಕೊಳ್ಳಲಿ ಅಂತಲೇ ಬೆಳೆಸಿದ ತಳಿ ಅದು. ಬಿಳಿ ನೊಣಕ್ಕೆ ಹಳದಿ ಬಣ್ಣ ಅಂದ್ರೆ ಹುಚ್ಚು. ಹಳೇ ಹಳದಿ ಫೈಲ್ ಕವರಿಗೆ ಹರಳೆಣ್ಣೆ ಬಳಿದು ಗಿಡದ ಎತ್ತರಕ್ಕೆ ಕಟ್ಟಿ, ಎರಡು ದಿನದಲ್ಲಿ ಎಷ್ಟು ಅಂಟಿದೆ ನೋಡಿ.

ಮತ್ತೆ ಬೆಂಡೆಯನ್ನ ದಿನ ಬಿಟ್ಟು ದಿನ ಕೊಯ್ಯಲೇಬೇಕು. ವೀಕೆಂಡಿಗೆ ಊರಿಗೆ ಹೋಗಿ ಬಂದ್ರೆ ನಾರು. ತುದಿ ಪಟ್ ಅಂತ ಮುರೀದೇ ಬಾಗಿದ್ರೆ ಅಡುಗೆಗೆ ಆಗಲ್ಲ, ಗಿಡದಲ್ಲೇ ಬಿಟ್ಟು ಬೀಜಕ್ಕೆ ಒಣಗಿಸಿ.

ಬಿಳಿ ಹತ್ತಿಯ ಹಾಗೆ ಕಾಂಡಕ್ಕೆ ಅಂಟಿರೋದು ಹಿಟ್ಟು ತಿಗಣೆ. ಈ ಜಾತಿಯ ಒಂದು ತಿಗಣೆಯ ಕಥೆ ಬೆಂಗಳೂರಿನವರು ಹೆಮ್ಮೆಯಿಂದ ಹೇಳ್ಕೊಳ್ಳಬೇಕಾದ್ದು. ಪಪ್ಪಾಯ ಹಿಟ್ಟು ತಿಗಣೆ ಅನ್ನೋದು ನಮ್ಮ ದೇಶದ್ದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯದಿಂದ ಹಿಪ್ಪುನೇರಳೆ, ದಾಸವಾಳದ ತನಕ ಹಬ್ಬಿತು. ಔಷಧಿ ಹೊಡೆದ್ರೆ ಮೇಣದ ಕೋಟು ತೊಟ್ಟ ತಿಗಣೆ ಉಳೀತಿತ್ತು, ಅದನ್ನ ತಿನ್ನೋ ಮಿತ್ರಕೀಟ ಸಾಯ್ತಿತ್ತು. 2010ರಲ್ಲಿ ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ದೂರದ ಪೋರ್ಟರಿಕೊದಿಂದ ಸಾಸಿವೆಗಿಂತ ಚಿಕ್ಕ ಕಣಜಗಳನ್ನ ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ತಿಗಣೆಯ ಮೈಯೊಳಗೇ ಮೊಟ್ಟೆ ಇಡೋ ಕಣಜ ಅದು. ಮರಿ ಒಳಗಿಂದಲೇ ತಿಂದು ಮುಗಿಸುತ್ತೆ. ಹಳ್ಳಿ ಹಳ್ಳಿಯಲ್ಲಿ ಪಿಡುಗು ಇಳೀತು, ಔಷಧಿಯಿಲ್ಲದೆ.

ತಾರಸಿಗೆ ಕಣಜ ತರಿಸೋದೇನೂ ಬೇಡ. ಹಳೇ ಹಲ್ಲುಜ್ಜೋ ಬ್ರಷ್ಷು, ಸೋಪಿನ ನೀರು, ಎರಡು ದಿನಕ್ಕೊಮ್ಮೆ ಉಜ್ಜೋದು. ಇರುವೆ ಸಾಲು ಕಂಡ್ರೆ ಮೊದಲು ಅದನ್ನ ತಡೀರಿ, ತಿಗಣೆ ಬಿಡೋ ಸಿಹಿ ರಸಕ್ಕೋಸ್ಕರ ಇರುವೆಗಳು ಅವನ್ನ ಹಸು ಸಾಕಿದ ಹಾಗೆ ಕಾಯ್ತಿರುತ್ತವೆ. ಒಂದೇ ಒಂದು ವಿನಂತಿ. ಬಿಳಿ ಜೂಲು ಜೂಲಾಗಿ, ಉಳಿದವಕ್ಕಿಂತ ದೊಡ್ಡದಾಗಿ, ಚುರುಕಾಗಿ ಓಡಾಡ್ತಿರೋದು ಕಂಡ್ರೆ ಕೈ ತಡೀರಿ. ಅದು ತಿಗಣೆ ಅಲ್ಲ, ತಿಗಣೆ ತಿನ್ನೋ ಗುಲಗಂಜಿ ಹುಳದ ಮರಿ, ವೇಷ ಮಾತ್ರ ಶತ್ರುವಿನದ್ದು.

ಬೇವಿನೆಣ್ಣೆ ಬೇಡವೇ ಬೇಡ ಅಂತಲ್ಲ. ಒಂದು ಲೀಟರ್ ನೀರಿಗೆ ಒಂದು ಚಮಚ, ನಾಲ್ಕು ಹನಿ ಸೋಪಿನ ದ್ರಾವಣ, ಚೆನ್ನಾಗಿ ಕದಡಿ ಸಂಜೆ ಹೊತ್ತು ಎಲೆಯ ಅಡಿಗೆ. ಮಧ್ಯಾಹ್ನದ ಬಿಸಿಲಿಗೆ ಹೊಡೆದ್ರೆ ಎಲೆ ಸುಟ್ಟುಹೋಗುತ್ತೆ. ಮೊದಲು ಒಂದು ಎಲೆಗೆ ಹಾಕಿ ಮಾರನೇ ದಿನ ನೋಡಿ.

ನೀರಿನ ಮಾತು ಬಿಟ್ಟು ಬೇಸಿಗೆ ತೋಟದ ಮಾತು ಮುಗಿಯಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ, ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿದೆಯಾ? ಅಂದಿನಿಂದ ನಮ್ಮನೆ ಸಿಂಕಿನ ಪಕ್ಕ ಒಂದು ಬಕೆಟ್ ಕಾಯಂ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಪೂರ್ತಿ ಗಿಡಕ್ಕೆ. ಆರ್‌ಒ ಫಿಲ್ಟರಿನಿಂದ ಆಚೆ ಬರೋ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದು ನೆಲ ಒರೆಸೋಕೆ ಸರಿ, ದಿನಾ ಗಿಡಕ್ಕೆ ಹಾಕಿದ್ರೆ ಚೀಲದ ಮಣ್ಣು ಕೆಡುತ್ತೆ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಹೊದಿಸಿದ್ರೆ ನೀರು ತುಂಬ ಉಳಿಯುತ್ತೆ. ಬದನೆ ಎಲೆ ಬಿಟ್ಟು ಬೇರೆ ಯಾವುದಾದ್ರೂ ಸರಿ, ಕಾರಣ ಮೇಲೇ ಹೇಳಿದೆ.

ಕೊನೆಗೆ ಅಲಸಂದೆ. ಕುಡಿಗೆಲ್ಲ ಕಪ್ಪು ಹೇನು ಮುತ್ತಿತ್ತು. ಹಳ್ಳಿಯಲ್ಲಾದ್ರೆ ಇಬ್ಬನಿ ಇರೋವಾಗಲೇ ಒಲೆ ಬೂದಿ ಎರಚ್ತಾರೆ. ಗ್ಯಾಸ್ ಒಲೆಯವರು ಬೂದಿಗೆ ಎಲ್ಲಿ ಹೋಗೋಣ? ಬೆಳಿಗ್ಗೆ ಲಾಗಿನ್ ಆಗೋ ಮುಂಚೆ, ಅದೇ ಬಕೆಟ್ಟಿನ ನೀರನ್ನ ಸೋಸಿ ಸ್ಪ್ರೇ ಬಾಟಲಿಗೆ ತುಂಬಿ, ಜೋರಾಗಿ ಹೊಡೆದು ಬೀಳಿಸೋದು, ನಾಲ್ಕು ದಿನ ಸತತ. ಬಿದ್ದವು ವಾಪಸ್ ಹತ್ತೋದು ಕಮ್ಮಿ. ಹಾಗೂ ಕೆಲವು ಕಾಯಿ ಸೊಟ್ಟಗಾದವು, ಒಳಗಿನ ಕಾಳಿಗೆ ಏನೂ ಆಗಿರಲಿಲ್ಲ.

ಒಂದು ಲೋಟ ಕಾಳು, ಅರ್ಧ ಕಟ್ಟು ದಂಟಿನ ಸೊಪ್ಪು. ಬೇರೆ ಯಾವ ಅಡುಗೆಗೂ ಇದು ಸಾಲಲ್ಲ, ಬಸ್ಸಾರಿಗೆ ಸಾಕು. ಚೂರು ಪಾರು ಕೊಯ್ಲಿಗೆ ಇದಕ್ಕಿಂತ ಒಳ್ಳೆಯ ಅಡುಗೆ ನಮ್ಮ ಕಡೆ ಇಲ್ಲ ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಒಂದೇ ಪಾತ್ರೆಯಿಂದ ಸಾರೂ ಬರುತ್ತೆ, ಪಲ್ಯವೂ ಬರುತ್ತೆ.

ಹಸಿಕಾಳನ್ನ ಧಾರಾಳ ನೀರಿನಲ್ಲಿ ಬೇಯೋಕಿಡಿ, ಕುಕ್ಕರ್ ಬೇಡ. ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಎಳೆ ದಂಟು, ಉಪ್ಪು. ತೂತು ತೆಗೆದ ಬದನೆಯ ಎರಡು ಹೋಳು ಮಿಕ್ಕಿದ್ರೆ ಅದನ್ನೂ ಹಾಕಿ, ಯಾರೂ ಕೇಳಲ್ಲ. ಬೆಂದ ಮೇಲೆ ಬಸಿದು ಕಟ್ಟನ್ನ ಬೇರೆ ಎತ್ತಿಡಿ. ಒಂದು ಈರುಳ್ಳಿ, ಆರೆಸಳು ಬೆಳ್ಳುಳ್ಳಿಯನ್ನ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಜೀರಿಗೆ, ಮೆಣಸು, ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ತೆಂಗಿನತುರಿ, ಸ್ವಲ್ಪ ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಸೇರಿಸಿ ರುಬ್ಬಿ. ರುಬ್ಬೋವಾಗ ಬೆಂದ ಕಾಳು ಸೊಪ್ಪು ಎರಡು ಸೌಟು ಅದಕ್ಕೇ ಹಾಕೋದು ಮರೀಬೇಡಿ, ಸಾರಿಗೆ ಮೈ ಬರೋದು ಅದರಿಂದ. ಕಟ್ಟಿಗೆ ಬೆರೆಸಿ ಕುದಿಸಿ. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಮುದ್ದೆ ಮಾಡೋಕೆ ಬರದವರು ಅನ್ನಕ್ಕೇ ಕಲಸಿಕೊಳ್ಳಿ, ತಪ್ಪೇನಿಲ್ಲ. ಸಾರು ಮಿಕ್ಕಿದ್ರೆ ಇನ್ನೊಮ್ಮೆ ಕುದಿಸಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನ ಇನ್ನೂ ಚೆನ್ನಾಗಿರುತ್ತೆ.